ಹ್ಯಾರಿಸನ್ ಡಾಗ್‌ಫಿಶ್, ಸದರ್ನ್ ಡಾಗ್‌ಫಿಶ್: ಪ್ರಾಜೆಕ್ಟಿಗೆ ಯಾವುದು?

ಆಸ್ಟ್ರೇಲಿಯಾದ ಈ ಎರಡು ಪುಟ್ಟ ಶಾರ್ಕ್‌ಗಳಲ್ಲಿ ಪ್ರಾಜೆಕ್ಟಿಗೆ ಯಾವುದನ್ನು ಆರಿಸಲಿ ಎಂದು ಕೇಳಿದ್ದೀರಿ. ನೋಡಲು ಅಕ್ಕತಂಗಿಯರ ಹಾಗಿವೆ: ದೊಡ್ಡ ಹಸಿರು ಕಣ್ಣು, ಬೆನ್ನಿನ ಎರಡೂ ರೆಕ್ಕೆಗಳ ಮುಂದೆ ಒಂದೊಂದು ಮುಳ್ಳು. ಮೂತಿ ನೋಡಿ. ಹ್ಯಾರಿಸನ್‌ದು ಜಾಸ್ತಿ ಉದ್ದ, ಚಪ್ಪಟೆ.

ಹ್ಯಾರಿಸನ್ ಇರುವುದು ಪೂರ್ವ ಕರಾವಳಿಯಾಚೆಯ ಆಳದ ಇಳಿಜಾರು, ಕಡಲೊಳಗಿನ ಬೆಟ್ಟಗಳಲ್ಲಿ. ನೆಲೆಯ ಬಗ್ಗೆ ಬರೆಯುವವರಿಗೆ ಅದೇ ವಾಸಿ. ಸದರ್ನ್ ದಕ್ಷಿಣದ ಅಂಚಿನುದ್ದಕ್ಕೂ ಪಶ್ಚಿಮದವರೆಗೆ ಹರಡಿದೆ. ಇದಕ್ಕೆ ಟ್ಯಾಗ್ (ಸಂಕೇತ ಕಳಿಸುವ ಪುಟ್ಟ ಸಾಧನ) ಹಾಕಿ ಓಡಾಟ ಗಮನಿಸಿದ್ದಾರೆ: ರಾತ್ರಿ ಮೇವಿಗೆ ಮೇಲೇರುತ್ತದೆ, ಹಗಲು ಆಳಕ್ಕಿಳಿಯುತ್ತದೆ. ನಡವಳಿಕೆ ನಿಮ್ಮ ವಿಷಯವಾದರೆ ಇದನ್ನೇ ಹಿಡಿಯಿರಿ. ಹಳೇ ದಾಖಲೆ ಓದುವಾಗ ಹುಷಾರು, 2008ರಲ್ಲಿ ಸದರ್ನ್‌ನ ವೈಜ್ಞಾನಿಕ ಹೆಸರು ಬದಲಾಯಿತು.

ಅಪಾಯದಲ್ಲಿ ವ್ಯತ್ಯಾಸ ಹುಡುಕಬೇಡಿ. ಲಿವರ್ ಎಣ್ಣೆಗೂ, ದೋಣಿ ಎಳೆದೊಯ್ಯುವ ಟ್ರಾಲ್ ಬಲೆಗೂ ಎರಡೂ ಬಲಿಯಾಗಿವೆ. ಒಂದು ಸೂಲಿಗೆ ಒಂದೋ ಎರಡೋ ಮರಿ, ಅಷ್ಟೇ. ಸಂಖ್ಯೆ ಬೇಗ ಚೇತರಿಸುವುದೇ ಇಲ್ಲ.