ಆರು ದಿನ, ಒಂಬತ್ತು ಕ್ಷೇತ್ರ: ಒಂದು ಟಿ.ಟಿ. ಯಾತ್ರೆಯ ವಿಮರ್ಶೆ

ಬೆಂಗಳೂರಿನಿಂದ ಹೊರಟು ಕುಕ್ಕೆ ಸುಬ್ರಹ್ಮಣ್ಯ, ಧರ್ಮಸ್ಥಳ, ಹೊರನಾಡು, ಶೃಂಗೇರಿ, ಉಡುಪಿ, ಕೊಲ್ಲೂರು, ಮುರುಡೇಶ್ವರ, ಇಡಗುಂಜಿ ಮತ್ತು ಗೋಕರ್ಣಗಳನ್ನು ಆರು ದಿನಗಳಲ್ಲಿ ತೋರಿಸಿ ಕರೆತರುವ ಪ್ರವಾಸವೊಂದಕ್ಕೆ ಫೆಬ್ರವರಿಯಲ್ಲಿ ಅಮ್ಮನೊಂದಿಗೆ ಹೋಗಿ ಬಂದೆ. ತಲೆಗೆ 15,500 ರೂಪಾಯಿ. 17 ಆಸನಗಳ ಟಿ.ಟಿ., ಅಂದರೆ ಟೆಂಪೋ ಟ್ರಾವೆಲರ್‌ನಲ್ಲಿ ಯಾತ್ರಿಕರು 14 ಜನ. ಜೊತೆಗೆ ಒಬ್ಬ ಚಾಲಕ, ಒಬ್ಬ ವ್ಯವಸ್ಥಾಪಕ. ವಾಹನ, ಚಾಲಕ, ಕೊಠಡಿ ಈ ಮೂರರ ಬಗ್ಗೆ ನನ್ನದು ಹೆಚ್ಚಿನ ತಕರಾರಿಲ್ಲ. ದೇವಸ್ಥಾನದ ಬಾಗಿಲು ಯಾವ ಹೊತ್ತಿಗೆ ತೆರೆಯುತ್ತದೆ, ಯಾವ ಹೊತ್ತಿಗೆ ಮುಚ್ಚುತ್ತದೆ ಎಂಬುದನ್ನು ಮೊದಲ ನಾಲ್ಕು ದಿನ ಚೆನ್ನಾಗಿ ಲೆಕ್ಕ ಹಾಕಿದವರು ಕೊನೆಯ ಎರಡು ದಿನ ಅದನ್ನು ಪೂರ್ತಿ ಮರೆತರು ಎಂಬುದೇ ಈ ವಿಮರ್ಶೆಯನ್ನು ಬರೆಯಲು ಕಾರಣ.

ಹೊರಡುವ ಮೂರು ದಿನ ಮೊದಲೇ ಸಂಸ್ಥೆಯವರು ವಾಟ್ಸಾಪ್‌ನಲ್ಲಿ ಕಳುಹಿಸಿದ ಸೂಚನಾಪಟ್ಟಿ ಬಹಳ ಉಪಯುಕ್ತವಾಗಿತ್ತು. ಧರ್ಮಸ್ಥಳ, ಹೊರನಾಡುಗಳಲ್ಲಿ ಗಂಡಸರು ಅಂಗಿ, ಬನಿಯನ್ ತೆಗೆಯಬೇಕಾಗುವುದರಿಂದ ಪಂಚೆ ಮತ್ತು ಶಲ್ಯ ಕೈಗೆ ಸಿಗುವಂತಿರಲಿ, ನದೀಸ್ನಾನದ ಒದ್ದೆ ಬಟ್ಟೆಗೆ ಬೇರೆಯದೇ ಚೀಲ ಇರಲಿ, ಚಪ್ಪಲಿಯನ್ನು ವಾಹನದಲ್ಲೇ ಬಿಟ್ಟು ಇಳಿಯಿರಿ ಎಂದು ಅದರಲ್ಲಿ ಬರೆದಿತ್ತು. ಅದೇ ಪಟ್ಟಿಯಲ್ಲಿದ್ದ ‘ಮೂರು ಹೊತ್ತಿನ ಊಟ ಸೇರಿದೆ’ ಎಂಬ ಸಾಲು ಮಾತ್ರ ಸ್ವಲ್ಪ ಜಾಣತನದ್ದು. ಮಧ್ಯಾಹ್ನದ ಊಟವೆಂದರೆ ಬಹುಪಾಲು ದಿನ ಆಯಾ ಕ್ಷೇತ್ರದ ಅನ್ನಪ್ರಸಾದವೇ ಆಗಿತ್ತು. ಆ ಊಟ ನಮಗೆ ಬೇಕಾಗಿಯೇ ಇತ್ತು, ಅದಕ್ಕಾಗಿ ಕಾದು ಕುಳಿತವರೂ ಇದ್ದರು. ಆದರೆ ದೇವರು ಯಾರ ಹತ್ತಿರವೂ ಕಾಸು ಕೇಳದೆ ಬಡಿಸುವುದನ್ನು ಪ್ರವಾಸದ ದರಪಟ್ಟಿಯಲ್ಲಿ ತಮ್ಮ ಸೌಲಭ್ಯವೆಂದು ಬರೆದುಕೊಳ್ಳುವುದು ಎಷ್ಟು ಸರಿ?

ಸೋಮವಾರ ಬೆಳಗಿನ 5 ಗಂಟೆಗೆ ಹೊರಟು, ಹಾಸನದಲ್ಲಿ ತಿಂಡಿ ಮುಗಿಸಿ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಹನ್ನೆರಡೂವರೆಯ ಹೊತ್ತಿಗೆ ಕುಕ್ಕೆ ತಲುಪಿದೆವು. ಮಧ್ಯಾಹ್ನದ ಬಾಗಿಲು ಹಾಕುವ ಮುನ್ನವೇ ದರ್ಶನವಾಯಿತು. ಇಲ್ಲಿ ಒಂದು ಮಾತನ್ನು ಹೇಳಬೇಕು: ಸರ್ಪಸಂಸ್ಕಾರ ಮಾಡಿಸುವ ಸಂಕಲ್ಪ ಇರುವವರಿಗೆ ಇಂತಹ ಪ್ರವಾಸ ಹೊಂದುವುದಿಲ್ಲ. ಅದು ಎರಡು ದಿನ ನಡೆಯುವ ಸೇವೆ. ಮೊದಲೇ ಕಾಯ್ದಿರಿಸಿಕೊಂಡು ಅಲ್ಲಿಯೇ ಉಳಿಯಬೇಕು. ನಮ್ಮೊಂದಿಗಿದ್ದ ದಂಪತಿಗೆ ಟಿಕೆಟ್ ಮಾರುವಾಗ ಯಾರೂ ಇದನ್ನು ತಿಳಿಸಿರಲಿಲ್ಲ, ಪಾಪ, ಕುಮಾರಧಾರೆಯಲ್ಲಿ ಸ್ನಾನ ಮುಗಿಸಿ ಕಚೇರಿಯ ಮುಂದೆ ನಿಂತ ಮೇಲೆಯೇ ಅವರಿಗೆ ಗೊತ್ತಾದದ್ದು.

ಧರ್ಮಸ್ಥಳವನ್ನು ಮಂಗಳವಾರಕ್ಕೆ ಇಟ್ಟುಕೊಂಡದ್ದು ಅನುಭವಸ್ಥರ ಕೆಲಸ. ಸೋಮವಾರ ಮಂಜುನಾಥನ ದಿನವಾದ್ದರಿಂದ ಜನ ಹೆಚ್ಚು. 2023ರ ಜೂನ್ 11ರಂದು ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲಂತೂ ರಜಾದಿನಗಳಲ್ಲಿ ಅಲ್ಲಿನ ಸರತಿ ಸಾಲು ಎಷ್ಟು ಉದ್ದವಾಗುತ್ತದೆಂದು ಕಂಡವರೇ ಬಲ್ಲರು. ನೇತ್ರಾವತಿಯಲ್ಲಿ ಮಿಂದು ಸಾಲಿನಲ್ಲಿ ನಿಂತ ನಮಗೆ ಒಂದೂವರೆ ಗಂಟೆಯಲ್ಲಿ ದರ್ಶನ ಸಿಕ್ಕಿತು. ಅನ್ನಪೂರ್ಣ ಛತ್ರದಲ್ಲಿ ಉಂಡು, ಸಂಜೆ ಮಂಜೂಷಾ ವಸ್ತುಸಂಗ್ರಹಾಲಯವನ್ನೂ, ಕಾರ್ಕಳದಲ್ಲಿ ಕೆತ್ತಿ ತಂದು 1982ರಲ್ಲಿ ಪ್ರತಿಷ್ಠಾಪಿಸಿದ 39 ಅಡಿಯ ಬಾಹುಬಲಿಯನ್ನೂ ನಿಧಾನವಾಗಿ ನೋಡಲು ಸಮಯವಿತ್ತು. ಜೈನ ಹೆಗ್ಗಡೆಯವರ ಆಡಳಿತ, ಮಾಧ್ವ ಅರ್ಚಕರ ಪೂಜೆ, ಶಿವನ ಸನ್ನಿಧಿ ಎಂಬ ಅಲ್ಲಿನ ವಿಶೇಷವನ್ನು ವ್ಯವಸ್ಥಾಪಕರು ವಾಹನದಲ್ಲೇ ಎಲ್ಲರಿಗೂ ಅರ್ಥವಾಗುವಂತೆ ಹೇಳಿದ್ದರು.

ಇಡೀ ಯಾತ್ರೆಯಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಮೂರನೆಯ ದಿನ. ಚಾರ್ಮಾಡಿ ಘಾಟಿಯನ್ನು ಬೆಳಗಿನ ತಂಪಿನಲ್ಲಿ ಹತ್ತಿದ ಚಾಲಕರು ಒಂದು ತಿರುವಿನಲ್ಲೂ ಅವಸರ ಮಾಡಲಿಲ್ಲ. ಹೊಟ್ಟೆ ತೊಳಸುವವರನ್ನು ಕೇಳಿ ತಿಳಿದು ಮುಂದಿನ ಸೀಟುಗಳಿಗೆ ಕೂರಿಸಿ, ಎ.ಸಿ. ನಿಲ್ಲಿಸಿ, ಕಿಟಕಿ ತೆರೆಸಿದರು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಕಾಫಿ ತೋಟಗಳ ನಡುವೆ ಸಾಗಿ ಹೊರನಾಡಿಗೆ ಬಂದಾಗ ಹನ್ನೊಂದು ಗಂಟೆ. ಅನ್ನಪೂರ್ಣೇಶ್ವರಿಯ ದರ್ಶನ, ಊಟ ಎರಡೂ ನೂಕುನುಗ್ಗಲಿಲ್ಲದೆ ಆದವು. ಕಳಸದಲ್ಲಿ ಕಾಫಿಗೆ ಮಾತ್ರ ನಿಲ್ಲಿಸಿದ್ದರಿಂದ ಕಳಸೇಶ್ವರನಿಗೆ ದೂರದಿಂದಲೇ ಕೈ ಮುಗಿದೆವು. ಸಂಜೆಯ ಹೊತ್ತಿಗೆ ಶೃಂಗೇರಿ ಸೇರಿ, ಶಾರದೆಯ ಮಂಗಳಾರತಿಗೆ ನಿಂತು, ರಾತ್ರಿ ಅಲ್ಲಿಯೇ ತಂಗಿದೆವು. ಈ ತಂಗುವಿಕೆಯೇ ದೊಡ್ಡ ಲಾಭ. ಅನೇಕ ಪ್ರವಾಸಗಳಲ್ಲಿ ಶೃಂಗೇರಿ ಎಂದರೆ ಒಂದು ಗಂಟೆಯ ನಿಲುಗಡೆ. ಆ ಒಂದು ಗಂಟೆಯಲ್ಲಿ ಶಾರದಾಂಬೆಯ ದರ್ಶನವಾದೀತೇ ಹೊರತು 14ನೆಯ ಶತಮಾನದ ವಿದ್ಯಾಶಂಕರ ದೇವಾಲಯವನ್ನು ಒಂದು ಸುತ್ತು ಬರಲೂ ಆಗದು. ನಮಗೆ ಮರುದಿನ ಬೆಳಗಿನ ಎರಡು ಗಂಟೆಗಳು ಪೂರ್ತಿ ಸಿಕ್ಕವು. ಹನ್ನೆರಡು ರಾಶಿಕಂಬಗಳ ನಡುವೆ ತನ್ನ ರಾಶಿಯದು ಯಾವುದೆಂದು ಅಮ್ಮ ಹುಡುಕಿದಳು. ಆಮೇಲೆ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ, ಸೇತುವೆ ದಾಟಿ ನರಸಿಂಹವನಕ್ಕೆ ನಡೆದು ಬಂದೆವು. ಮಂಡಿನೋವಿನ ಅಮ್ಮ ಆ ಬೆಳಗ್ಗೆ ಒಮ್ಮೆಯೂ ‘ಇನ್ನೆಷ್ಟು ದೂರ’ ಎಂದು ಕೇಳಲಿಲ್ಲ.

ದೊಡ್ಡ ಬಸ್ಸಿನ ಪ್ರವಾಸವನ್ನು ಬಿಟ್ಟು ಟಿ.ಟಿ. ಆರಿಸಿಕೊಂಡದ್ದಕ್ಕೆ ನಾಲ್ಕನೆಯ ದಿನ ಫಲ ಸಿಕ್ಕಿತು. ಆಗುಂಬೆ ಘಾಟಿಯ 14 ಕಡಿದಾದ ತಿರುವುಗಳಲ್ಲಿ ದೊಡ್ಡ ಬಸ್ಸುಗಳು ಇಳಿಯುವುದಿಲ್ಲ. ನಾವು ಸೋಮೇಶ್ವರ, ಹೆಬ್ರಿಗಳ ಮೂಲಕ ಹನ್ನೊಂದರ ಹೊತ್ತಿಗೆ ಉಡುಪಿಯಲ್ಲಿದ್ದೆವು. ನವಗ್ರಹ ಕಿಂಡಿಯಿಂದ ಕೃಷ್ಣನನ್ನು ಕಂಡು, ಕನಕನ ಕಿಂಡಿಯ ಮುಂದೆ ನಿಂತು, ಸಂಜೆ ರಥಬೀದಿಯಲ್ಲಿ ಉತ್ಸವ ನೋಡಿದೆವು. ಕೊಠಡಿ ರಥಬೀದಿಗೆ ನಡೆದು ಹೋಗುವಷ್ಟು ಹತ್ತಿರ ಇತ್ತು, ಆದರೆ ಲಿಫ್ಟ್ ಇಲ್ಲದ ಮೂರನೆಯ ಮಹಡಿ. ಹಿರಿಯರೇ ಹೆಚ್ಚಾಗಿ ಬರುವ ಪ್ರವಾಸದಲ್ಲಿ ಇದನ್ನು ಮೊದಲೇ ನೋಡಿಕೊಳ್ಳಬೇಕಿತ್ತು. ಕೃಷ್ಣನ ಪೂಜೆಯ ಸರದಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಸಮಯದಲ್ಲಾದರೆ ಆ ಕೊಠಡಿಯೂ ಸಿಗುವುದು ಕಷ್ಟ.

ಲೆಕ್ಕ ತಪ್ಪಿದ್ದು ಐದನೆಯ ದಿನ. ಮಂಜುನಾಥನ ಸೋಮವಾರವನ್ನು ತಪ್ಪಿಸಿದವರು ಮೂಕಾಂಬಿಕೆಯ ಸನ್ನಿಧಿಗೆ ಶುಕ್ರವಾರವೇ ಕರೆದೊಯ್ದರು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಇರುವ ಹೆದ್ದಾರಿಯಲ್ಲಿ ಅರ್ಧ ಗಂಟೆ, ಮಲ್ಪೆಯ ಕಡಲತೀರದಲ್ಲಿ ಎರಡು ಗಂಟೆ ಕಳೆದು ಕೊಲ್ಲೂರು ಮುಟ್ಟುವಾಗ ಸಂಜೆ ನಾಲ್ಕು. ಕೇರಳದಿಂದ ಬಂದ ಭಕ್ತರ ಸಾಲು ಹೊರಗಿನ ಬೀದಿಯವರೆಗೂ ಇತ್ತು. ದರ್ಶನ ಮುಗಿದಾಗ ಏಳು ದಾಟಿತ್ತು. ಇನ್ನೊಂದೆರಡು ಗಂಟೆ ನಿಂತಿದ್ದರೆ ರಾತ್ರಿ ಪೂಜೆಯ ನಂತರ ಹಂಚುವ ಕಷಾಯ ಸಿಗುತ್ತಿತ್ತು. ಕೊಲ್ಲೂರಿಗೆ ಹೋಗಿ ಕಷಾಯ ಕುಡಿಯದೆ ಬರುವುದೆಂದರೆ ಅಮ್ಮನ ದೃಷ್ಟಿಯಲ್ಲಿ ಯಾತ್ರೆ ಅರ್ಧವಾದಂತೆ. ಆದರೆ ಮುರುಡೇಶ್ವರದಲ್ಲಿ ಕೊಠಡಿ ಕಾಯ್ದಿರಿಸಿದ್ದರಿಂದ ಎಲ್ಲರನ್ನೂ ಅವಸರವಾಗಿ ವಾಹನ ಹತ್ತಿಸಲಾಯಿತು. ಕೊಲ್ಲೂರಿನಲ್ಲೇ ತಂಗಿ ಮುರುಡೇಶ್ವರವನ್ನು ಬೆಳಗ್ಗೆ ನೋಡಿದ್ದರೆ ಏನೂ ಕೆಡುತ್ತಿರಲಿಲ್ಲ.

ಶನಿವಾರ ಬೆಳಗ್ಗೆ ಮುರುಡೇಶ್ವರದ 123 ಅಡಿಯ ಶಿವನನ್ನು ನೋಡಿ, 20 ಅಂತಸ್ತಿನ ರಾಜಗೋಪುರದ ಲಿಫ್ಟಿಗೆ ಒಂದೂಕಾಲು ಗಂಟೆ ಕಾದೆವು. ಮೇಲಿನಿಂದ ಕಾಣುವ ಕಡಲು ಚೆಲುವಾಗಿದೆ ನಿಜ, ಆದರೆ ಆ ಒಂದೂಕಾಲು ಗಂಟೆಗೆ ತೆತ್ತ ಬೆಲೆ ದೊಡ್ಡದು. ಇಡಗುಂಜಿಯ ದ್ವಿಭುಜ ಗಣಪತಿಯ ದರ್ಶನ ಮುಗಿಸಿ ಗೋಕರ್ಣ ಸೇರುವಾಗ ಮಧ್ಯಾಹ್ನ ಒಂದೂಕಾಲು, ಮಹಾಬಲೇಶ್ವರನ ಬಾಗಿಲು ಹಾಕಿತ್ತು. ಮತ್ತೆ ತೆರೆಯುವುದು ಸಂಜೆ ಐದಕ್ಕೆ. ನಮ್ಮ ವೇಳಾಪಟ್ಟಿಯ ಪ್ರಕಾರ ಮೂರು ಗಂಟೆಗೇ ಬೆಂಗಳೂರಿನ ಕಡೆಗೆ ಹೊರಡಬೇಕು. ‘ಏನಪ್ಪಾ, ದೇವರು ಬಾಗಿಲು ಹಾಕ್ಕೊಂಡ ಹೊತ್ತಿಗೆ ಕರ್ಕೊಂಡು ಬಂದ್ಯಲ್ಲ’ ಎಂದು ಹಾಸನದ ಅಜ್ಜಿಯೊಬ್ಬರು ವ್ಯವಸ್ಥಾಪಕರನ್ನು ಕೇಳಿದಾಗ ಆತನ ಬಳಿ ಉತ್ತರವಿರಲಿಲ್ಲ. ಕಚೇರಿಗೆ ಫೋನ್ ಮಾಡಿದರೆ, ಐದರವರೆಗೆ ನಿಲ್ಲಬೇಕಾದರೆ ಎಲ್ಲರೂ ಸೇರಿ 6,000 ರೂಪಾಯಿ ಹೆಚ್ಚುವರಿ ಕೊಡಬೇಕೆಂದರು. ಅರ್ಧ ಗಂಟೆ ವಾದ ನಡೆಯಿತು. ತಪ್ಪು ಅವರದೇ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಆತ್ಮಲಿಂಗದ ದರ್ಶನವಿಲ್ಲದೆ ಹಿಂದಿರುಗಲು ಯಾರಿಗೂ ಮನಸ್ಸಿಲ್ಲದ ಕಾರಣ ಹಣ ಕೂಡಿಸಿ ಕೊಟ್ಟೆವು.

ದರ್ಶನ ಮುಗಿಸಿ ಅಂಕೋಲಾ, ಯಲ್ಲಾಪುರ, ಹುಬ್ಬಳ್ಳಿ ಮಾರ್ಗವಾಗಿ ಬೆಂಗಳೂರು ತಲುಪಿದಾಗ ಭಾನುವಾರ ಬೆಳಗಿನ ಆರು ಗಂಟೆ. ನನಗೆ ಹೆಚ್ಚು ಆತಂಕ ಹುಟ್ಟಿಸಿದ್ದು ಈ ರಾತ್ರಿಯೇ. ಬೆಳಗ್ಗೆಯಿಂದ ವಾಹನ ನಡೆಸಿದ್ದ ಒಬ್ಬನೇ ಚಾಲಕ ರಾತ್ರಿಯಿಡೀ ನಡೆಸಬೇಕಾಯಿತು. ದಾವಣಗೆರೆ ದಾಟಿದ ಮೇಲೆ ನಾವೇ ಒತ್ತಾಯಿಸಿ ಪೆಟ್ರೋಲ್ ಬಂಕೊಂದರಲ್ಲಿ ಆತ ಎರಡು ಗಂಟೆ ನಿದ್ದೆ ಮಾಡುವಂತೆ ಮಾಡಿದೆವು. ಬಾಗಿಲು ಐದಕ್ಕಲ್ಲದೆ ಎರಡಕ್ಕೇ ತೆರೆದಿದ್ದರೂ ಈ ದೂರಕ್ಕೆ ಇನ್ನೊಬ್ಬ ಚಾಲಕ ಬೇಕೇ ಬೇಕಾಗಿತ್ತು.

ಇದೇ ಪ್ರವಾಸಕ್ಕೆ ಹೋಗುವ ಯೋಚನೆ ಇರುವವರು ಹಣ ಕಟ್ಟುವ ಮುನ್ನ ಕೊಲ್ಲೂರಿನ ದಿನ ಯಾವುದು, ಗೋಕರ್ಣಕ್ಕೆ ತಲುಪುವುದು ಎಷ್ಟು ಹೊತ್ತಿಗೆ, ಹಿಂದಿರುಗುವ ರಾತ್ರಿ ಎಷ್ಟು ಜನ ಚಾಲಕರು ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆದುಕೊಳ್ಳಿ. ಧರ್ಮಸ್ಥಳ, ಶೃಂಗೇರಿ, ಉಡುಪಿಗಳಷ್ಟೇ ಸಾಕೆನ್ನುವವರಿಗೆ ಇದೇ ಸಂಸ್ಥೆಯ ನಾಲ್ಕು ದಿನದ ಪ್ರವಾಸವೂ ಇದೆ. ಮೊದಲ ನಾಲ್ಕು ದಿನಗಳನ್ನು ನೆನೆದರೆ, ಅಮ್ಮನನ್ನು ಅದಕ್ಕೆ ಮತ್ತೊಮ್ಮೆ ಕಳುಹಿಸಲು ನಾನು ಹಿಂಜರಿಯುವುದಿಲ್ಲ. ಗೋಕರ್ಣದಲ್ಲಿ ಕೊಟ್ಟ 6,000 ರೂಪಾಯಿಗೆ ರಸೀದಿ ಕಳುಹಿಸುತ್ತೇವೆ ಎಂದಿದ್ದರು. ಅದು ಇನ್ನೂ ಬಂದಿಲ್ಲ.