ಎರಡು ಡೇಟಾ ಸೆಂಟರ್ ನಡುವಿನ ಟ್ರಾಫಿಕ್ ಲೆಕ್ಕಕ್ಕೆ ಐಪಿಟೇಬಲ್ಸ್: ಬಹಳ ಕಾಲ ಬಳಸಿದ ಮೇಲೆ (4/5)

ಮೈಸೂರಿನ ಹೆಬ್ಬಾಳದ ನಮ್ಮ ಪುಟ್ಟ ಆಫೀಸು ಮಂಡ್ಯ ಕಡೆಯ ಹಾಲಿನ ಡೇರಿಗಳ ಲೆಕ್ಕದ ಆ್ಯಪ್ ನಡೆಸುತ್ತೆ. ಡೇಟಾ ಇರೋದು ಅಪಾಚೆ ಕಸಾಂಡ್ರಾದಲ್ಲಿ (ಒಂದೇ ಡೇಟಾದ ಪ್ರತಿಗಳನ್ನು ಹಲವು ಸರ್ವರ್‌ಗಳಲ್ಲಿ ಇಡೋ ಡೇಟಾಬೇಸ್), ಮುಂಬೈ ಮತ್ತು ಹೈದರಾಬಾದ್‌ನಲ್ಲಿ ತಲಾ ಮೂರು ನೋಡ್, ಅಂದರೆ ಸರ್ವರ್. ಇವೆರಡರ ನಡುವೆ ಓಡಾಡೋ ಡೇಟಾಗೆ ಬಿಲ್‌ನಲ್ಲಿ ಒಂದೇ ಸಾಲು, ಒಂದೇ ಮೊತ್ತ. ಯಾವ ನೋಡ್, ಯಾವ ಹೊತ್ತು ಅಂತ ಕೇಳಿದರೆ ಉತ್ತರ ಇಲ್ಲ.

ವಿಎನ್‌ಸ್ಟ್ಯಾಟ್ ಅನ್ನೋ ಟೂಲ್ ಇಡೀ ನೆಟ್‌ವರ್ಕ್ ಇಂಟರ್‌ಫೇಸಿನ ಲೆಕ್ಕ ಕೊಡುತ್ತೆ, ಆ್ಯಪ್ ಕಸಾಂಡ್ರಾ ಜೊತೆ ಮಾತಾಡೋ 9042 ಪೋರ್ಟಿನದ್ದೂ ಅದರಲ್ಲೇ ಬೆರೆತಿರುತ್ತೆ. ಆ ಕ್ಷಣದ ಟ್ರಾಫಿಕ್ ತೋರಿಸೋ ಐಎಫ್‌ಟಾಪ್ ನೋಡೋಕೆ ಚೆಂದ, ಮುಚ್ಚಿದರೆ ಎಲ್ಲ ಮರೆತುಬಿಡುತ್ತೆ. ಕೊನೆಗೆ ನಿಂತದ್ದು ಲಿನಕ್ಸ್‌ನ ಫೈರ್‌ವಾಲ್ ಟೂಲ್ ಐಪಿಟೇಬಲ್ಸ್. ಆಚೆ ಊರಿನ ಸಬ್‌ನೆಟ್‌ಗೆ (ಅಲ್ಲಿನ ಸರ್ವರ್‌ಗಳ ಐಪಿ ವಿಳಾಸಗಳ ಗುಂಪು), ನೋಡ್‌ಗಳು ತಮ್ಮತಮ್ಮಲ್ಲಿ ಮಾತಾಡೋ 7000 ಪೋರ್ಟಿಗೆ, ಯಾವ ಆಕ್ಷನ್ನೂ ಕೊಡದ ರೂಲ್ ಹಾಕಿದರೆ ಸಾಕು: ಪ್ಯಾಕೆಟ್ ತಡೆಯಲ್ಲ, ಬೈಟ್ ಎಣಿಸುತ್ತೆ ಅಷ್ಟೇ. 7000ರಿಂದ ಹೊರಡೋದಕ್ಕೂ ಇನ್ನೊಂದು ರೂಲ್ ಬೇಕು. ಓದುವಾಗ ‘-ಎಕ್ಸ್’ ಸೇರಿಸಿ, ಇಲ್ಲದಿದ್ದರೆ ಅಂಕಿ ದುಂಡಗಾಗಿ ಬರುತ್ತೆ. ಕಂಪ್ರೆಸ್ ಆದಮೇಲೆ ತಂತಿ ಮೇಲೆ ಹೋದದ್ದನ್ನೇ ಎಣಿಸೋದರಿಂದ ಬಿಲ್‌ಗೆ ಹತ್ತಿರದ ಅಂಕಿ ಸಿಗುತ್ತೆ.

ಬೆಳಿಗ್ಗೆ, ಸಂಜೆ ಹಾಲು ಹಾಕೋ ಹೊತ್ತಿಗೆ ಗ್ರಾಫ್ ಏರೋದು ಸರಿ. ಆದರೆ ಅದನ್ನೂ ಮೀರಿಸಿದ್ದು ನಡುರಾತ್ರಿಯ ರಿಪೇರಿ, ಅಂದರೆ ನೋಡ್‌ಗಳ ಪ್ರತಿಗಳನ್ನು ಹೋಲಿಸಿ ಸರಿಪಡಿಸೋ ಕೆಲಸ! ಲೋಕಲ್ ಕೋರಂ (ಇದೇ ಊರಿನ ಹೆಚ್ಚಿನ ಪ್ರತಿಗಳು ಒಪ್ಪಿದರೆ ಸಾಕು ಅನ್ನೋ ಸೆಟ್ಟಿಂಗ್) ಇದ್ದರೆ ಬರಹ ಆಚೆಗೆ ಹೋಗಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಹೋಗೇ ಹೋಗುತ್ತೆ, ಉತ್ತರಕ್ಕೆ ಕಾಯಲ್ಲ ಅಷ್ಟೇ. ಆಚೆಗೆ ಮೂರು ಪ್ರತಿ ಬೇಕಿದ್ದರೂ ದಾಟೋದು ಒಂದೇ, ಅಲ್ಲಿನ ನೋಡ್ ಉಳಿದವಕ್ಕೆ ಹಂಚುತ್ತೆ. ಹಾಗಾಗಿ ನಾವು ಬರಹದ ಗೊಡವೆ ಬಿಟ್ಟು ದಿನದ ರಿಪೇರಿಯನ್ನು ಲೋಕಲ್ ಮಾಡಿದೆವು, ಆಯಾ ಊರಿನೊಳಗೇ ಮುಗಿಯೋ ಹಾಗೆ. ಎರಡೂ ಊರು ಸೇರಿದ ಪೂರ್ತಿ ರಿಪೇರಿ ವಾರಕ್ಕೊಮ್ಮೆ. ಜಿಸಿ ಗ್ರೇಸ್ (ಅಳಿಸಿದ ಡೇಟಾದ ಗುರುತು ಉಳಿಸಿಕೊಳ್ಳೋ ಅವಧಿ; ಅಷ್ಟರಲ್ಲಿ ರಿಪೇರಿ ಆಗದಿದ್ದರೆ ಅಳಿಸಿದ್ದು ಮತ್ತೆ ಬರಬಹುದು) ಡೀಫಾಲ್ಟ್ 10 ದಿನ ಇರೋದರಿಂದ ಅದನ್ನು ತಪ್ಪಿಸೋ ಹಾಗಿಲ್ಲ.

ಕೊರತೆ? ಇದು ಡೇರಿಯಲ್ಲಿ ಕ್ಯಾನ್ ತೂಗಿದ ಹಾಗೆ, ಯಾರ ಮನೆ ಹಾಲು ಅಂತ ಹೇಳಲ್ಲ. ಬೈಟ್ ಯಾವ ಟೇಬಲ್‌ದು, ಬರಹದ್ದೋ ರಿಪೇರಿಯದ್ದೋ ಅಂತ ಬಿಡಿಸೋಕೆ ಕಸಾಂಡ್ರಾದ್ದೇ ಆದ ‘ನೋಡ್‌ಟೂಲ್ ನೆಟ್‌ಸ್ಟ್ಯಾಟ್ಸ್’ ಕಮಾಂಡಿನ ವರದಿ ಪಕ್ಕದಲ್ಲಿಟ್ಟು ಹೊತ್ತು ತಾಳೆ ಹಾಕಬೇಕು. ಒಂದು ಸ್ಟಾರ್ ಕತ್ತರಿಸಿದ್ದು ಮಾತ್ರ ಬೇರೆ ಕಾರಣಕ್ಕೆ: ಸರ್ವರ್ ರೀಬೂಟ್ ಆದರೆ ಎಣಿಕೆ ಸೊನ್ನೆ. ಐದೈದು ನಿಮಿಷಕ್ಕೆ ಅಂಕಿ ಫೈಲಿಗೆ ಬರೆಯೋ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನಾಗೇ ಓಡೋ ಕೆಲಸ) ಮೊದಲ ದಿನವೇ ಹಾಕಿಕೊಳ್ಳಿ.