ಪವರ್ ಮಾಡ್ಯೂಲ್ ತಂಪಿಗೆ ಕೊಳವೆ ಪ್ಲೇಟೋ, ಮೈಕ್ರೋಚಾನೆಲ್ಲೋ?

ಐಜಿಬಿಟಿ (ಭಾರೀ ವಿದ್ಯುತ್ತನ್ನು ಸ್ವಿಚ್ ಮಾಡುವ ಚಿಪ್) ಮಾಡ್ಯೂಲಿನ ತಳದಲ್ಲಿ ಶಾಖ ಪ್ರತಿ ಚದರ ಸೆಂ.ಮೀ.ಗೆ ಕೆಲವು ಹತ್ತು ವಾಟ್ ಇದ್ದರೆ ನೀರು ಹರಿಯುವ ತಾಮ್ರದ ಕೊಳವೆ ಕೂರಿಸಿದ ಅಲ್ಯೂಮಿನಿಯಂ ಪ್ಲೇಟ್ ಧಾರಾಳವಾಗಿ ಸಾಕು. ಅಗ್ಗ, ಸಾಧಾರಣ ಪಂಪ್ ಸಾಕು, ಸಣ್ಣ ಕಸಕ್ಕೆ ಕಟ್ಟಿಕೊಳ್ಳುವುದಿಲ್ಲ.

ಲೇಸರ್ ಡಯೋಡಿನಂತೆ ನೂರಾರು ವಾಟ್ ಒಂದೇ ಚದರ ಸೆಂ.ಮೀ.ನಲ್ಲಿ ಹುಟ್ಟಿದರೆ ಮೈಕ್ರೋಚಾನೆಲ್, ಅಂದರೆ ಅತಿ ಕಿರಿದಾದ ನೀರಿನ ಕಾಲುವೆಗಳಿರುವ ಪ್ಲೇಟ್, ಬೇಕು. 1981ರಲ್ಲಿ ಟಕರ್‌ಮನ್ ಮತ್ತು ಪೀಸ್ ಎಂಬ ಸಂಶೋಧಕರು ಸಿಲಿಕಾನಿನಲ್ಲಿ ಸುಮಾರು 50 ಮೈಕ್ರಾನ್ ಅಗಲದ ಕಾಲುವೆ ಕೊರೆದು, 790 ವಾಟ್/ಚ.ಸೆಂ.ಮೀ. ಶಾಖವನ್ನು 71 ಡಿಗ್ರಿ ಏರಿಕೆಯಲ್ಲೇ ಹೊರತೆಗೆದರು.

ಇದಕ್ಕೆ ತೆರುವ ಬೆಲೆ ಒತ್ತಡ. ಸೌಮ್ಯ ಹರಿವಿನಲ್ಲಿ (ನೀರು ಸುಳಿಯಿಲ್ಲದೆ ಪದರಪದರವಾಗಿ ಹರಿಯುವಾಗ), ನೀರಿನ ವೇಗ ಅಷ್ಟೇ ಇಟ್ಟು ಕಾಲುವೆಯ ಅಗಲ ಅರ್ಧ ಮಾಡಿದರೆ ಶಾಖ ವರ್ಗಾವಣೆ ಗುಣಾಂಕ (ಗೋಡೆಯಿಂದ ನೀರಿಗೆ ಶಾಖ ದಾಟುವ ಸುಲಭತೆಯ ಅಳತೆ) ಇಮ್ಮಡಿ, ಒತ್ತಡ ಕುಸಿತ (ಒಳಬಾಯಿ, ಹೊರಬಾಯಿಗಳ ಒತ್ತಡದ ವ್ಯತ್ಯಾಸ) ನಾಲ್ಮಡಿ. ಹಾಗಾಗಿ ಬೇಕಾದ್ದಕ್ಕಿಂತ ಸಣ್ಣ ಕಾಲುವೆ ಕೊಳ್ಳಬೇಡಿ. ಹರಿವು ಕಡಿಮೆ ಮಾಡಿದರೂ ಪೆಟ್ಟೇ: ನಿಮಿಷಕ್ಕೆ 1 ಲೀಟರ್ ನೀರು 1 ಕಿಲೋವಾಟ್ ಹೊತ್ತರೆ ಸುಮಾರು 14 ಡಿಗ್ರಿ ಕಾಯುತ್ತದೆ, ಹೊರಬಾಯಿಯ ಬಳಿಯ ಚಿಪ್ ಅಷ್ಟು ಹೆಚ್ಚು ಬಿಸಿ.

ಕೆಡುವುದು ಹೆಚ್ಚಾಗಿ ನೀರಿನಿಂದ. ಫಿಲ್ಟರಿನ ರಂಧ್ರ ಕಾಲುವೆಯ ಅಗಲದ ಮೂರನೇ ಒಂದಕ್ಕಿಂತ ಕಿರಿದಿರಲಿ. ಕಟ್ಟಿಕೊಂಡ ಕಾಲುವೆಯ ಮೇಲಿನ ಚಿಪ್ ಮಾತ್ರ ಸುಡುತ್ತದೆ, ಒಟ್ಟು ಹರಿವಿನ ಮೀಟರ್ ಅದನ್ನು ತೋರಿಸದೇ ಇರಬಹುದು. ಒತ್ತಡ ಕುಸಿತವನ್ನೂ ಅಳೆಯಿರಿ. ತಾಮ್ರದ ಮೈಕ್ರೋಚಾನೆಲ್ ಇರುವ ನೀರಿನ ಸರ್ಕ್ಯೂಟಿಗೆ ಅಲ್ಯೂಮಿನಿಯಂ ರೇಡಿಯೇಟರ್ ಸೇರಿಸಬೇಡಿ, ಅಲ್ಯೂಮಿನಿಯಂ ಕೊರೆದುಹೋಗುತ್ತದೆ.

ಕಾಲುವೆಯೊಳಗೇ ಕುದಿಸುವ ವಿಧಾನಕ್ಕೆ ದ್ರವ ಕಡಿಮೆ ಸಾಕು. ಆದರೆ ಆವಿ ಹಿಂದಕ್ಕೆ ನುಗ್ಗಿ ಹರಿವು ತೂಗಾಡುತ್ತದೆ. ಪ್ರತಿ ಕಾಲುವೆಯ ಒಳಬಾಯಿಗೂ ಕಿರಿದು ಮಾಡಿದ ತಡೆ ಇಲ್ಲದ ಪ್ಲೇಟನ್ನು ಆರಿಸಬೇಡಿ.